ಎಣ್ಣೆ ಕಾಣದ ಕಂಬ

ನಯನಾಳ ಕೈಯಲ್ಲಿ ಹೊಂಗೆ ಎಣ್ಣೆಯ ಬಟ್ಟೆ ಹಾಗೇ ನಿಂತಿತು. ಅಡುಗೆಮನೆಯಿಂದ ಬಂದ ಅಂಬುಜಮ್ಮನವರು ಅವಳನ್ನೇ ನೋಡುತ್ತಿದ್ದರು. ಹಿಂದೆಯೇ ಬಂದ ಅವರ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಟೇಪ್ ಸುತ್ತುತ್ತಿದ್ದ ಮೊಮ್ಮಗ ನಿಶಾಂತ್ ಅದನ್ನು ಕೈಬಿಟ್ಟ.

"ಯಾಕಜ್ಜಿ, ತಪ್ಪು ಮಾಡ್ಬುಟ್ನಾ?"

ನಯನಾ ಕಂಬದಿಂದ ಕೈ ಹಿಂದೆಗೆದು ಕೇಳಿದಳು.

ಹೂಟಗಳ್ಳಿಯ ಈ ಹಳೇ ಮನೆಯ ಸೂರು ರಿಪೇರಿಗೆ ಮುಂಚೆ ಅಳತೆ ತೆಗೆದು ಡ್ರಾಯಿಂಗ್ ಮಾಡಿಕೊಡಲು ಬಂದ ಆರ್ಕಿಟೆಕ್ಟ್ ಅವಳು. ಹೊರಗೆ ಫ್ಯಾಕ್ಟರಿ ಲಾರಿಗಳ ಗದ್ದಲ. ಬಾಗಿಲು ದಾಟಿದರೆ ಮನೆ ನಡುವಿನ ತೆರೆದ ತೊಟ್ಟಿಗೆ ಇಳಿಯುವ ಬಿಸಿಲು, ಅದರ ಸುತ್ತ ತೇಗದ ಕಂಬಗಳು. ನಿಶಾಂತನ ಮುತ್ತಾತ ಕಾಕನಕೋಟೆ ಕಾಡಿನಿಂದ ಗಾಡಿ ಕಟ್ಟಿ ತಂದ ಮರವಂತೆ. ಒಂದು ಮೊಳೆಯೂ ಇಲ್ಲ. ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ತೊಲೆ ಕಚ್ಚಿಕೊಂಡು, ಮರದ ಬೆಣೆಯ ಬಿಗಿಯಲ್ಲೇ ಇಡೀ ಮನೆ ನಿಂತಿತ್ತು.

ಮೊದಲ ದಿನ ತಲೆಯೆತ್ತಿ ನೋಡಿದವಳಿಗೆ ಟೇಪ್ ಬಿಚ್ಚುವುದೇ ಮರೆತುಹೋಗಿತ್ತು. ಚಿಕ್ಕಂದಿನಲ್ಲಿ ತಾತ ರಾಗವಾಗಿ ಪದ್ಯ ಓದುವಾಗ ಒಂದು ಸಾಲು ಮುಂದಿನ ಸಾಲನ್ನು ಕೈಹಿಡಿದು ಕರೆತರುತ್ತಿದ್ದದ್ದು ಹೀಗೇ. ಅವಳ ಕೈ ತಾನಾಗಿ ಮುಗಿದುಕೊಂಡಿತ್ತು.

"ದೇವಸ್ಥಾನ ಅಲ್ಲ ಕಣ್ರೀ, ನಮ್ಮನೆ," ಎಂದಿದ್ದ ನಿಶಾಂತ್.

"ಹೌದಾ? ಮತ್ತೆ ನೀವ್ಯಾಕೆ ದ್ವಾರಪಾಲಕರ ಥರ ಬಾಗಿಲಲ್ಲೇ ನಿಂತಿದೀರಾ?"

ಅಂದಿನಿಂದ ಕಡಕೊಳದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದವನೇ ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದ. ಅಳತೆ ಕೂಗುವಾಗ ಕಣ್ಣು ಟೇಪಿನ ಮೇಲಿರುತ್ತಿರಲಿಲ್ಲ. ತಪ್ಪು ಅಳತೆಗೆ ಅವಳು ಗದರುತ್ತಿದ್ದಳು. ಗದರಿಸಿಕೊಂಡು ಅವನು ನಗುತ್ತಿದ್ದ. ಇವತ್ತಿಗೆ ಡ್ರಾಯಿಂಗ್ ಮುಗಿದಿತ್ತು. ನಾಳೆಯಿಂದ ಇಲ್ಲಿಗೆ ಬರಲು ನೆಪವಿಲ್ಲ. ಇವನು ಬಾಯಿ ಬಿಡುತ್ತಾನಾ ಎಂದು ಬೆಳಗಿನಿಂದ ಕಾದಿದ್ದಳು.

ಯುಗಾದಿ ಹತ್ತಿರವಾಗಿ ಕಂಬಗಳೆಲ್ಲ ವರ್ಷದ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿದ್ದವು. ಮೂಲೆಯ ಒಂದು ಕಂಬ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಪಾಪ, ಮರೆತಿದ್ದಾರೆ ಅಂದುಕೊಂಡು ಅವಳು ಅಲ್ಲೇ ಇದ್ದ ಬಟ್ಟೆಯನ್ನು ಎಣ್ಣೆ ಬಟ್ಟಲಿಗೆ ಅದ್ದಿ ಎತ್ತಿಕೊಂಡಿದ್ದಳು. ಒಂದು ಪಕ್ಕ ತಿಕ್ಕುತ್ತಿದ್ದಂತೆ ಬೂದಿಯೊಳಗಿನಿಂದ ಜೇನಿನ ಬಣ್ಣ ಎದ್ದು ಬಂತು, ಎಳೆಎಳೆಯಾಗಿ, ಹೊಳೆ ಹರಿದ ಹಾಗೆ. ಉಸಿರು ಹಿಡಿದು ನೋಡುತ್ತಿದ್ದಾಗಲೇ ಅಜ್ಜಿ ಬಂದದ್ದು.

"ತಪ್ಪೇನಿಲ್ಲ ಕಣಮ್ಮ," ಅಜ್ಜಿ ಹತ್ತಿರ ಬಂದು ಕಂಬ ಸವರಿದರು. "ಈ ಮನೇಲಿ ಒಬ್ಬೊಬ್ಬ ಸೊಸೆಗೆ ಒಂದೊಂದು ಕಂಬ. ಬಾಗಿಲ ಪಕ್ಕದ್ದು ನಂದು, ಅದರೆದುರಿಂದು ಇವನ ತಾಯಿದು. ಬಂದ ವರ್ಷ ಎಣ್ಣೆ ಹಚ್ಚುದ್ರೆ ಸಾಯೋಗಂಟ ಅವಳದೇ. ಹೋದೋರ ಕಂಬಕ್ಕೆ ನಾವಿಬ್ರೇ ಹಚ್ತೀವಿ." ಮೊಮ್ಮಗನ ಕಡೆ ತಿರುಗಿದರು. "ಏನ್ಲಾ, ನಾಲಿಗೆ ಬಿದ್ದೋಯ್ತಾ? ಇದು ಯಾರದು ಅಂತ ನೀನೇ ಹೇಳು."

ಸೊಸೆಯ ಕೈ ಹಿಡಿದು ಎಳೆದುಕೊಂಡು ಒಳಗೆ ಹೋಗಿಬಿಟ್ಟರು.

ನಿಶಾಂತನ ಕಿವಿ ಕೆಂಪಾಗಿತ್ತು. "ಇದು ಮುಂದೆ ಈ ಮನೆಗೆ ಬರೋ ಸೊಸೇದು. ನಿಮಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಹಚ್ಚಿದ್ದು ಲೆಕ್ಕಕ್ಕಿಲ್ಲ. ಒರೆಸ್ಬಿಡ್ತೀನಿ."

"ಮರ ಕುಡಿದ ಎಣ್ಣೆ ಒರೆಸಿದ್ರೆ ಹೋಗುತ್ತಾ?"

"ಹೋಗಲ್ಲ." ಕೆಳಗೆ ಬಿದ್ದ ಟೇಪ್ ಎತ್ತಿಕೊಂಡ. "ಹೋಗೋದು ನಂಗೆ ಬೇಕಾಗೂ ಇಲ್ಲ. ಹೇಳೋಕೆ ಭಯ ಕಣ್ರೀ. ನೀವು ಬೇಡ ಅಂದ್ಬುಟ್ರೆ ಈ ತೊಟ್ಟೀಲಿ ಕೂರೋಕೂ ಆಗಲ್ಲ ನಂಗೆ. ಯಾವ ಕಂಬ ನೋಡಿದ್ರೂ ನೀವೇ ನಿಂತಿರ್ತೀರಾ."

ನಯನಾ ತಲೆಯೆತ್ತಿದಳು. ಎಷ್ಟೋ ತಲೆಮಾರಿನ ಭಾರ ಹೊತ್ತು, ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಮರ. ಎಷ್ಟು ಹೆಂಗಸರ ಅಂಗೈ ಸವರಿದ ನುಣುಪು! ಈ ಸಾಲಿನಲ್ಲಿ ತನಗೂ ಒಂದು ಜಾಗವೇ?

"ಗೊತ್ತಿಲ್ದೆ ಹಚ್ಚಿದ್ದು ಲೆಕ್ಕಕ್ಕಿಲ್ಲ, ಅಲ್ವಾ?" ಮೆಲ್ಲಗೆ ಕೇಳಿದಳು.

ಅವನ ಮುಖ ಸಣ್ಣಗಾಯಿತು. "ಹ್ಞೂಂ, ಇಲ್ಲ."

ಅವಳು ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಹಿಂಡಿ, ಕಂಬದ ಇನ್ನೊಂದು ಪಕ್ಕಕ್ಕೆ ಹೋದಳು.

"ಇದು ಗೊತ್ತಿದ್ದೇ ಹಚ್ತಿರೋದು. ಬೋದಿಗೆ ತನಕ ನಂಗೆ ಎಟುಕಲ್ಲ, ಬನ್ನಿ."