ಕೆಂಪಕ್ಕನ ಮೊಳೆ

“ಆ ಮರದ ಮೊಳೆ ಮುಟ್ಬ್ಯಾಡ ಕಣಪ್ಪ. ಕೈ ಮುಗಿತೀನಿ.”

ಸೂಲಗಿತ್ತಿ ಹುಚ್ಚಕ್ಕ ತೋಟದ ಬೇಲಿಯಾಚೆ ನಿಂತೇ ಹೇಳಿದಳು. ಒಳಗೆ ಕಾಲಿಡಲಿಲ್ಲ.

ತೋಂಟದಾರ್ಯ ತಿರುಗಿ ಮರ ನೋಡಿದ. ಜೀಪಿನ ಇಂಜಿನ್ ಎತ್ತಲು ಕೊಬ್ಬರಿ ಮನೆಯ ಬಾಗಿಲಲ್ಲಿದ್ದ ಎರಡು ತೆಂಗಿನ ಮರಗಳಿಗೆ ಅಡ್ಡತೊಲೆ ಕಟ್ಟಿ ಚೈನ್ ಬ್ಲಾಕ್ ತೂಗಹಾಕುತ್ತಿದ್ದ. ಒಂದು ಮರದ ಎದೆಮಟ್ಟಕ್ಕೆ ಹಳೆಯ ಕುಲುಮೆ ಕಬ್ಬಿಣದ ಮೊಳೆ ಹೊಡೆದಿದ್ದರು. ಹೆಬ್ಬೆರಳು ದಪ್ಪ. ಅರ್ಧ ಹೊರಗೆ, ಅರ್ಧ ಒಳಗೆ. ಅದರ ತಲೆಗೆ ಹೆಂಗಸಿನ ಉದ್ದ ಕೂದಲು ಸುತ್ತಿತ್ತು. ಕುಂಕುಮವೋ ತುಕ್ಕೋ, ತೊಗಟೆಯ ಮೇಲೆ ಕೆಂಪಗೆ ಇಳಿದು ಒಣಗಿತ್ತು. ಆ ಮರದ ಕಾಯಿ ಯಾರೂ ಕೀಳುತ್ತಿರಲಿಲ್ಲ. ಬಿದ್ದವು ಬುಡದಲ್ಲೇ ಕೊಳೆತು ಹುಳಿವಾಸನೆ ಬರುತ್ತಿತ್ತು.

“ಯಾಕಜ್ಜಿ, ಮೊಳೆ ಕಿತ್ರೆ ಮರ ಪಂಚರ್ ಆಯ್ತದಾ?”

ಹುಚ್ಚಕ್ಕ ನಗಲಿಲ್ಲ. “ಅದ್ರಾಗೆ ನನ್ ಮಗಳವ್ಳೆ.”

ಅವಳ ಮಗಳು ಕೆಂಪಕ್ಕ ತುಂಬಿದ ಬಸುರಿಯಾಗಿ, ನೋವೆದ್ದು, ಎತ್ತಿನ ಗಾಡಿಯಲ್ಲಿ ತಿಪಟೂರಿನ ಆಸ್ಪತ್ರೆಗೆ ಹೋಗುವಾಗ ಹಳ್ಳದ ಸೇತುವೆಯ ಹತ್ತಿರ ಅಚ್ಚು ಮುರಿದು, ಅಲ್ಲೇ, ಹೆರಲಾರದೆ ಸತ್ತಿದ್ದಳು. ಊರಿಗೆಲ್ಲ ಗೊತ್ತಿದ್ದ ವಿಷಯ. ಆಮೇಲಿನದನ್ನು ಊರು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

“ಸತ್ತ ಮ್ಯಾಲೆ ಹೆರಿಗೆ ಆದ ಮನೆಗೆಲ್ಲ ಬರೋಳು. ಕೇಡು ಮಾಡೋಕಲ್ಲಪ್ಪ, ಮಗೀನ ನೋಡೋಕೆ. ತೊಟ್ಲಿಗೆ ಬಗ್ಗೋಳು. ಬಗ್ಗಿದ್ರೆ ಮಗೀನ ಉಸಿರು ನಿಂತೋಗೋದು. ಹುಳಿಯಾರಿನ ಕಡೆ ಮಂತ್ರವಾದಿ ಬಂದು ಈ ಮರಕ್ಕೆ ಕಟ್ಟಿದ. ಮೊಳೆ ಮಾತ್ರ ಅವನು ಹೊಡೀಲಿಲ್ಲ. ಹೆತ್ತೋರು ಇಲ್ಲ ಕಟ್ಕಂಡೋರು ಹೊಡೆದ್ರೇ ಅದು ನಿಲ್ಲೋದಂತೆ. ನಾನೇ ಹೊಡೆದೆ. ಈ ಕೈನಾಗೆ.”

“ಹೋಗಜ್ಜಿ, ಎಲೆ ಅಡಿಕೆ ಹಾಕ್ಕಂಡು ಮಲಗು.”

ತೋಂಟದಾರ್ಯ ಅರಸೀಕೆರೆಯ ವರ್ಕ್‌ಶಾಪಿನಲ್ಲಿ ಬೆಳೆದವನು. ಮನೆಯಳಿಯನಾಗಿ ಈ ಊರಿಗೆ ಬಂದಿದ್ದ. ಸ್ಪ್ಯಾನರ್ ಜಾರಿದರೆ ಸ್ಪ್ಯಾನರಿಗೇ ಬೈಯುವ ಜಾತಿ. ಕಣ್ಣಿಗೆ ಕಾಣದ್ದನ್ನು ನಂಬು ಎಂದರೆ ಹೊಡೆಯಲು ಬರುತ್ತಿದ್ದ. ಆದರೆ ಅವನಿಗೂ ಒಂದು ಭಯವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಗೌರಿಗೆ ಎರಡು ಕೂಸು ಹೋಗಿದ್ದವು. ಎರಡೂ ಗಾಡಿಯಲ್ಲಿ, ಎರಡೂ ಆಸ್ಪತ್ರೆ ದಾರಿಯ ಹಾಲ್ಕುರಿಕೆ ಊರು ದಾಟುವುದರೊಳಗೆ. ಮೂರನೆಯದು ಈಗ ಹೊಟ್ಟೆಯಲ್ಲಿತ್ತು. ಮಾವ ಮಿಲಿಟರಿ ಹರಾಜಿನಲ್ಲಿ ತಂದಿದ್ದ ಪೆಟ್ರೋಲ್ ಜೀಪು ಕೊಟ್ಟಿಗೆಯಲ್ಲಿ ಕೋಳಿ ಗೂಡಾಗಿ ನಿಂತಿತ್ತು. ಬೆಲೆ ಏರಿ, ಪೆಟ್ರೋಲ್ ಹಾಕಿ ಓಡಿಸುವ ಕಾಲ ಮುಗಿದಿತ್ತು. ಎಂಬತ್ತೊಂದರ ಬೇಸಿಗೆ ಅದು. ತುಮಕೂರಿನ ಗುಜರಿಯಲ್ಲಿ ಒಡೆದು ಹಾಕಿದ್ದ ವ್ಯಾನೊಂದರ ಡೀಸೆಲ್ ಇಂಜಿನ್ ತಂದು ಮನೆಯಲ್ಲೇ ಕೂರಿಸಲು ಹೊರಟ. ಗೌರಿಗೆ ದಿನ ತುಂಬುವ ಮೊದಲು ಜೀಪು ಓಡಬೇಕು. ಅಷ್ಟೇ.

ಪೆಟ್ರೋಲ್ ಇಂಜಿನ್ ಹಗುರವಾಗಿ ಎದ್ದು ಬಂತು. ಡೀಸೆಲ್ ಇಂಜಿನ್ ಕೋಣನಂತೆ ಹಟ ಹಿಡಿಯಿತು. ಅದರ ಅಡಿಯ ಆಯಿಲ್ ತಟ್ಟೆ ಆಕ್ಸಲ್ಲಿಗೆ ತಾಗಿತು. ರೇಡಿಯೇಟರ್ ಮುಂದಕ್ಕೆ ದೂಡಬೇಕಾಯಿತು. ಇಂಜಿನ್ ಹಿಡಿದಿಡುವ ಬ್ರ್ಯಾಕೆಟ್ಟನ್ನು ತಿಪಟೂರಿನಲ್ಲಿ ವೆಲ್ಡ್ ಮಾಡಿಸಿ ತಂದ. ಹೆಂಡತಿಯ ತಮ್ಮ ಶಿವಣ್ಣ ಸರಪಳಿ ಎಳೆದ, ಬೈಸಿಕೊಂಡ, ಮತ್ತೆ ಎಳೆದ. ಕೊಬ್ಬರಿ ಮನೆಯ ಕತ್ತಲಲ್ಲಿ ಡೀಸೆಲ್ಲಿನ ಘಾಟು, ಅಟ್ಟದ ಕಾಯಿಗಳ ಎಣ್ಣೆವಾಸನೆ, ಬೆವರು, ಎಲ್ಲ ಸೇರಿ ತಲೆ ತಿರುಗುತ್ತಿತ್ತು.

ಒಂದು ಸಂಜೆ ಇಂಜಿನ್ ಮೊದಲ ಸಲ ಸ್ಟಾರ್ಟ್ ಆಯಿತು. ನೆಲ ನಡುಗಿತು. ಅಟ್ಟದ ಮೇಲೆ ವರ್ಷದಿಂದ ಒಣಗಿದ್ದ ಕಾಯಿಗಳೊಳಗೆ ಕೊಬ್ಬರಿ ಗಿಟುಕುಗಳು ಲೊಡಲೊಡ ಬಡಿದುಕೊಂಡವು. ತೋಂಟದಾರ್ಯ ಕೇಕೆ ಹಾಕಿದ. ಅಷ್ಟರಲ್ಲಿ ಟಕ್ ಅಂತ ಸದ್ದು. ಮುಂದಿನ ಬ್ರ್ಯಾಕೆಟ್ಟಿನ ಬೋಲ್ಟು ತುಂಡಾಗಿ ಇಂಜಿನ್ ಒಂದು ಪಕ್ಕಕ್ಕೆ ವಾಲಿತು. ಫ್ಯಾನು ರೇಡಿಯೇಟರನ್ನು ಕಚ್ಚಿತು. ಸ್ಟಾಪ್ ವೈರ್ ಎಳೆದು ನಿಲ್ಲಿಸಿದ.

ಆ ನಿಶ್ಶಬ್ದದೊಳಗೆ ಮನೆಯಿಂದ ಗೌರಿಯ ಕೂಗು ಬಂತು.

ಇನ್ನೂ ದಿನ ತುಂಬಿರಲಿಲ್ಲ.

“ಬೋಲ್ಟು ತಿಪಟೂರಲ್ಲೇ ಸಿಗೋದು ಭಾವ,” ಶಿವಣ್ಣನ ತುಟಿ ಒಣಗಿತ್ತು. “ಗಾಡಿ ಕಟ್ಟಾನಾ?”

“ಗಾಡಿ ಅಂದ್ರೆ ಹಲ್ಲು ಉದುರಿಸ್ತೀನಿ ಕಣ್ಲಾ!”

ಅವನ ಕಣ್ಣು ಮರದ ಮೊಳೆಯ ಮೇಲೆ ಬಿತ್ತು. ಹೆಬ್ಬೆರಳು ದಪ್ಪ. ಗೇಣುದ್ದ. ಅಳತೆ ತೆಗೆದು ಮಾಡಿಸಿದಂತೆ.

ಹಾರೆ ಕೊಟ್ಟು ಮೀಟಿದ. ಅದು ಕಿರುಗುಟ್ಟಲಿಲ್ಲ. ತಾನೇ ಕಾದಿದ್ದಂತೆ ಸರಕ್ಕನೆ ಬಂತು. ಮೊಳೆ ಬೆಚ್ಚಗಿತ್ತು. ಮರದ ತೂತಿನಿಂದ ಒಂದು ವಾಸನೆ ಹೊರಬಿತ್ತು: ಸಾಂಬ್ರಾಣಿ, ಬಜೆ, ಹಸಿ ರಕ್ತ. ಬಾಣಂತಿ ಕೋಣೆಯ ವಾಸನೆ.

ಒಳಗೆ ಅಟ್ಟದ ಮೇಲೆ ಒಂದು ಕಾಯಿ ಲೊಡಕ್ಕೆಂದಿತು. ಇಂಜಿನ್ ನಿಂತಿತ್ತು. ಗಾಳಿ ಇರಲಿಲ್ಲ. ಇನ್ನೊಂದು ಕಾಯಿ. ಮತ್ತೊಂದು. ಆಮೇಲೆ ಅಟ್ಟವೆಲ್ಲ. ಒಳಗಿನಿಂದ ಯಾರೋ ಸಣ್ಣ ಕಾಲಲ್ಲಿ ಒದೆಯುತ್ತಿರುವಂತೆ.

“ವಾಪಸ್ ಹೊಡೆದ್ಬುಡು ಭಾವ!”

“ಹೊಡಿತೀನಿ. ಇಲ್ಲಿಗೆ.” ಕೂದಲನ್ನು ಕಿತ್ತೆಸೆದು ಮೊಳೆಯನ್ನು ಬ್ರ್ಯಾಕೆಟ್ಟಿಗೆ ತೂರಿಸಿ, ಸುತ್ತಿಗೆಯಿಂದ ಬಡಿದು ತುದಿ ಮಡಚಿದ.

ಶಿವಣ್ಣ ಜೀಪು ಹತ್ತಲಿಲ್ಲ. ಗೌರಿಯ ಕೂಗಿಗೆ ಓಡಿ ಬಂದಿದ್ದ ಹುಚ್ಚಕ್ಕ ಹತ್ತಿದಳು. ಗೌರಿಯ ತಲೆ ತೊಡೆಯ ಮೇಲಿಟ್ಟುಕೊಂಡಳು. ಮೊಳೆ ಏನಾಯಿತೆಂದು ಅವಳು ಕೇಳಲಿಲ್ಲ. ಇಂಜಿನ್ ಸ್ಟಾರ್ಟ್ ಆದ ಕೂಡಲೇ ಅವಳು ಬಾನೆಟ್ಟಿನ ಕಡೆ ಕಿವಿಗೊಟ್ಟಳು.

“ಇದು ನನ್ ಮಗಳ ದನಿ,” ಎಂದಳು.

ಕತ್ತಲು ಕವಿಯುತ್ತಿತ್ತು. ಎರಡೂ ಪಕ್ಕ ತೆಂಗಿನ ಮರಗಳು ಹಿಂದಕ್ಕೆ ಓಡಿದವು. ಹಳ್ಳದ ಸೇತುವೆ ಬಂತು. ಗಾಡಿಯ ಅಚ್ಚು ಮುರಿದಿದ್ದ ಜಾಗ. ತೋಂಟದಾರ್ಯ ಆಕ್ಸಿಲರೇಟರಿನಿಂದ ಕಾಲು ತೆಗೆದ.

ಜೀಪು ನಿಧಾನವಾಗಲಿಲ್ಲ.

ವೇಗ ಏರಿತು. ಮತ್ತೆ ಏರಿತು. ಇಂಜಿನ್ ಅರಚತೊಡಗಿತು. ಸ್ಟಾಪ್ ವೈರ್ ಎಳೆದ. ಕೈಗೇ ಕಿತ್ತು ಬಂತು. ಕೀ ತಿರುಗಿಸಿದ. ಕೀಗೆ ನಿಲ್ಲಲು ಇದು ಪೆಟ್ರೋಲ್ ಅಲ್ಲ. ಕಪ್ಪು ಹೊಗೆ. ಹಾಲ್ಕುರಿಕೆ ಹಿಂದೆ ಹೋಯಿತು. ಹಿಂದೆ ಗೌರಿ ಕೂಗಿದಳು. ಮುಂದೆ ಬಾನೆಟ್ಟಿನೊಳಗಿಂದಲೂ ಕೂಗು. ಎರಡೂ ಒಂದೇ ಹೊತ್ತಿಗೆ. ಒಂದೇ ನೋವು.

“ಹುಚ್ಚಕ್ಕ! ನಿನ್ ಮಗಳಿಗೆ ಹೇಳೇ! ನಿಲ್ಸು ಅಂತ ಹೇಳೇ!”

“ಅವಳು ನಿಲ್ಲಲ್ಲ ಕಣಪ್ಪ. ಆಸ್ಪತ್ರೆ ಮುಟ್ಬೇಕು ಅವಳು.”

ತಿಪಟೂರಿನ ದೀಪಗಳು. ಆಸ್ಪತ್ರೆಯ ಗೇಟು. ಬ್ರೇಕು ತುಳಿದು ನಿಂತೇಬಿಟ್ಟ. ಲೈನಿಂಗು ಸುಟ್ಟ ನಾತ. ಜೀಪು ಗೇಟಿನ ಪಕ್ಕದ ಮರಳು ಗುಡ್ಡೆಗೆ ನುಗ್ಗಿ ಹೂತಿತು. ಚಕ್ರಗಳು ಮಾತ್ರ ತಿರುಗುತ್ತಲೇ ಇದ್ದವು. ಜೀಪು ಒದರುತ್ತಿತ್ತು. ಹೀಗೇ ಇದ್ದರೆ ಬೆಂಕಿ ಹತ್ತುತ್ತದೆ. ಗೌರಿ ಒಳಗಿದ್ದಾಳೆ.

ಕೆರಳಿದ ಡೀಸೆಲ್ ಇಂಜಿನ್ನಿಗೆ ಒಂದೇ ಮದ್ದು. ಗಾಳಿ ಕಟ್ಟಬೇಕು. ಬಾನೆಟ್ ಎತ್ತಿದ. ಗಾಳಿ ಎಳೆಯುವ ಕೊಳವೆಯ ಬಾಯಿಗೆ ಟವೆಲ್ ತುರುಕಿದ. ನುಂಗಿತು. ಅಂಗೈ ಒತ್ತಿದ. ಚರ್ಮ ಒಳಕ್ಕೆ ಹೀರಿತು. ಮೂಳೆ ಕಟಕಟ ಎಂದಿತು. ಬಿಡಲಿಲ್ಲ. ಇಂಜಿನ್ ಬಿಕ್ಕಿತು. ಮತ್ತೊಮ್ಮೆ ಬಿಕ್ಕಿತು. ನಿಂತಿತು.

ಹಿಂದಿನ ಸೀಟಿನಲ್ಲಿ ಗೌರಿಯ ಉಸಿರೂ ನಿಂತಿತು.

“ಗೌರೀ!”

ನೀರಿನಿಂದ ಎದ್ದವಳಂತೆ ಅವಳು ಉಸಿರೆಳೆದಳು. ಕಣ್ಣು ತೆರೆದಳು. ಗಂಡನನ್ನು ನೋಡಲಿಲ್ಲ. ಮುದುಕಿಯ ಮುಖ ನೋಡಿದಳು.

“ಅವ್ವಾ, ಗಾಡಿ ಮುಟ್ತಾ?”

ಹುಚ್ಚಕ್ಕ ಅವಳ ಹಣೆ ಸವರಿದಳು. “ಮುಟ್ತು ಕಣವ್ವ,” ಎಂದಳು.

ಗಂಡು ಮಗು. ಬದುಕಿತು. ಬಾಯಿತುಂಬ ಅತ್ತಿತು. ಮನೆಗೆ ಬಂದ ಮೇಲೆ ತಾಯಿ ಅದನ್ನು ನೆಲಕ್ಕಿಡಲಿಲ್ಲ. ಹಾಲೂಡಿಸುತ್ತಾ ತೋಂಟದಾರ್ಯ ಎಂದೂ ಕೇಳದ ಜೋಗುಳ ಗುನುಗುತ್ತಿದ್ದಳು. ಅವನು ಹತ್ತಿರ ಹೋದರೆ ಸೆರಗು ಎಳೆದುಕೊಂಡು ಹುಚ್ಚಕ್ಕನ ಕಡೆ ತಿರುಗುತ್ತಿದ್ದಳು. ಬಾಣಂತಿ ಸನ್ನಿ, ಸರಿಹೋಗುತ್ತದೆ ಎಂದರು ಊರವರು. ಅವನೂ ಹಾಗೇ ಅಂದುಕೊಂಡ. ಅಂದುಕೊಳ್ಳಲೇಬೇಕಿತ್ತು.

ಜೀಪನ್ನು ಎತ್ತಿನಿಂದ ಎಳೆಸಿ ತಂದು ಕೊಬ್ಬರಿ ಮನೆ ಮುಂದೆ ನಿಲ್ಲಿಸಿದ್ದರು. ಆ ಸಂಜೆ ಮಗು ಇದ್ದಕ್ಕಿದ್ದಂತೆ ನೀಲಿಗಟ್ಟಿತು. ಹುಚ್ಚಕ್ಕ ಬೆನ್ನು ತಟ್ಟಿ ಉಸಿರು ಬರಿಸಿದಳು. ಮರುದಿನ ಸಂಜೆಯೂ ಹಾಗೇ ಆಯಿತು. ಹಾಲಿನಲ್ಲಿ ನೆನೆದ ಬಟ್ಟೆಯಂಥ ವಾಸನೆ ತೊಟ್ಟಿಲ ಸುತ್ತ ಸುಳಿಯುತ್ತಿತ್ತು. ಗೌರಿ ಮುಡಿಯುತ್ತಿದ್ದ ಮರುಗದ ವಾಸನೆಯೂ.

ಗೌರಿ ಈಗ ಮರುಗ ಮುಡಿಯುತ್ತಿರಲಿಲ್ಲ.

ತೋಂಟದಾರ್ಯ ಓಡಿಹೋಗಿ ಬಾನೆಟ್ ಎತ್ತಿದ. ಮೊಳೆ ಬೆಚ್ಚಗಿತ್ತು. ಕಿವಿ ಇಟ್ಟ.

“ರೀ...” ಎಂದಿತು ಕಬ್ಬಿಣ. “ಮಗೀನ ಒಂದ್ಸಲ ತೋರಿಸ್ರೀ.”

ಅವನು ಅಲ್ಲೇ ಕುಸಿದು ಕೂತ. ಚರ್ಮ ಸುಲಿದ ಅಂಗೈಯನ್ನು ಬಾಯಿಗೆ ಒತ್ತಿ ಅತ್ತ. ಇಂಜಿನ್ನಿನ ಉಸಿರು ಕಟ್ಟಿಸಿದವನು ಅವನೇ. ಅಲ್ಲಿ ಎರಡು ಉಸಿರಿದ್ದವು, ವಾಪಸ್ ಬಂದದ್ದು ಒಂದು, ಅದು ಗೌರಿಯದ್ದಲ್ಲ.

ಒಳಗೆ ಮಗು ಮೂರನೆಯ ಸಲ ಬಿಕ್ಕಿತು.

ಹುಚ್ಚಕ್ಕ ಬಂದು ಪಕ್ಕದಲ್ಲಿ ನಿಂತಳು. ಕೈಯಲ್ಲಿ ಸುತ್ತಿಗೆ. “ನೋಡೋಕೆ ಬತ್ತಾ ಅವಳೆ ಕಣಪ್ಪ. ಹೆತ್ತ ಹೊಟ್ಟೆ.”

“ನೀನು ಹೊಡಿ ಅಜ್ಜಿ. ನಿನ್ ಕಾಲು ಹಿಡಿತೀನಿ.”

“ನಾನು ಹೊಡೆದ್ರೆ ನಿಲ್ಲಲ್ಲ. ಕಟ್ಕಂಡೋನು ನೀನು.”

“ನಿನ್ ಮಗಳು ನಿನಗೆ ಸಿಕ್ಕಿದ್ಲು, ಅಲ್ವೇನೇ ಮುದುಕಿ?”

ಅವಳು ಸುತ್ತಿಗೆಯನ್ನು ಅವನ ಕೈಗಿಟ್ಟಳು. ತಲೆ ತಗ್ಗಿಸಲಿಲ್ಲ.

ಒಳಗಿನಿಂದ ಹೆಂಡತಿಯ ಗಂಟಲಲ್ಲಿ ಬೇರೆ ಹೆಂಗಸು ಕೂಗಿದಳು: “ಬೇಗ ಅವ್ವಾ! ಮಗ ಕಪ್ಪಾಗ್ತಾ ಐತೆ!”

ತೋಂಟದಾರ್ಯ ಮೊಳೆಯ ಮಡಚಿದ ತುದಿ ನೆಟ್ಟಗೆ ಬಡಿದು ಕಿತ್ತ. ಮರದ ಹಳೆಯ ತೂತಿಗೆ ಇಟ್ಟ. ಅದು ಅವನ ಬೆರಳುಗಳ ನಡುವೆ ನಡುಗುತ್ತಿತ್ತು, ಮದುವೆಯ ದಿನ ಗೌರಿಯ ಕೈ ನಡುಗಿದಂತೆ.

“ರೀ, ಯಾಕ್ರೀ? ಏನ್ಮಾಡ್ತಿದೀರಾ?”

ಕಣ್ಣು ಮುಚ್ಚಿದ. ಸುತ್ತಿಗೆ ಎತ್ತಿದ.

ಮೊದಲ ಏಟಿಗೆ ಮಗು ಅತ್ತಿತು. ಅವನು ಅಳು ನಿಲ್ಲದಂತೆ ಹೊಡೆಯುತ್ತಲೇ ಹೋದ.