ಖಾಲಿ ಪುಟದ ಹಸು

ಪುಟ ಖಾಲಿ ಇತ್ತು. ಅದರೊಳಗಿಂದ ಒಂದು ಹಸು ಕೂಗಿತು. ಎದುರಿಗೆ ಚಾಪೆಯ ಮೇಲೆ ಕೂತಿದ್ದ ಹತ್ತೊಂಬತ್ತು ಮಕ್ಕಳು ಒಟ್ಟಿಗೆ "ಅಂಬಾ" ಎಂದರು. ಆಮೇಲೆ ಬಿಳಿಯ ಹಾಳೆಯ ಮೇಲೆ ಮೊದಲು ಎರಡು ಕೊಂಬು, ಹಿಂದೆಯೇ ಜೋಲುಕಿವಿ, ಕೊನೆಗೆ ಇಡೀ ಹಸು ಮೂಡಿತು. ಮಕ್ಕಳು ಖುಷಿಯಿಂದ ಕುಲುಕಾಡಿದರು. ನಾಗವೇಣಿ ಟೀಚರ್ ಮಾತ್ರ ನಗಲಿಲ್ಲ. ಏಕೆಂದರೆ ಈ ಪುಸ್ತಕವನ್ನು ಕಂಡುಹಿಡಿದ ಡಾ. ಧೃತಿ ಹಳ್ಳಿಕೇರಿ ಅಂದು ಬೆಂಗಳೂರಿನಿಂದ ಬಂದು ಕೋಣೆಯ ಮೂಲೆಯಲ್ಲಿ, ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದಳು.

೨೦೫೭ರ ಹೊತ್ತಿಗೆ ರಾಜ್ಯದ ಮುಕ್ಕಾಲು ಪಾಲು ಅಂಗನವಾಡಿಗಳಲ್ಲಿ ಈ ಪುಸ್ತಕ ಇತ್ತು. ಕಾಗದದ ಮೇಲೆ ಅದರ ಹೆಸರು ಬೇರೆ ಏನೋ ಉದ್ದನೆಯದು. ಜನ ಕರೆಯುತ್ತಿದ್ದುದು ಕಿವಿಪುಸ್ತಕ ಎಂದು. ನೋಡಲು ಊಟದ ಮಣೆಯಷ್ಟು ಅಗಲದ ಪ್ರಾಣಿಗಳ ಚಿತ್ರಪುಸ್ತಕ, ಅಷ್ಟೇ. ಆದರೆ ಹಾಳೆಗಳ ಅಂಚಿನಲ್ಲಿ ಕೂದಲಿಗಿಂತ ತೆಳುವಾದ ತಂತುಗಳಿದ್ದವು. ಮಕ್ಕಳೆಲ್ಲ ಒಟ್ಟಿಗೆ ಕೂಗಿದರೂ ಅವು ಒಂದೊಂದು ಮಗುವಿನ ದನಿಯನ್ನೂ ಬೇರೆ ಮಾಡಿ, ಪ್ರಾಣಿ ಕೂಗಿದ ಎಷ್ಟು ಹೊತ್ತಿಗೆ ಆ ಮಗು ಉತ್ತರಿಸಿತು ಎಂದು ಅಳೆಯುತ್ತಿದ್ದವು. ಚಿತ್ರ ನೋಡಿ ಹೇಳಬಾರದೆಂದೇ ಪುಟ ಮೊದಲು ಖಾಲಿ ಇರುತ್ತಿತ್ತು. ಯಾವ ಪ್ರಾಣಿ ಯಾವಾಗ ಕೂಗುತ್ತದೆ ಎಂಬುದೂ ಯಾರಿಗೂ ಗೊತ್ತಿರುತ್ತಿರಲಿಲ್ಲ. ಮೂರು ದಿನ ಸತತವಾಗಿ ಜೊತೆಯವರಿಗಿಂತ ಹಿಂದೆ ಬಿದ್ದ ಮಗುವಿನ ಹೆಸರು ತಾನಾಗಿಯೇ ಆಸ್ಪತ್ರೆಗೆ ಹೋಗುತ್ತಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಮಕ್ಕಳಿಗೆ ಗೊತ್ತೇ ಆಗುತ್ತಿರಲಿಲ್ಲ. ಧೃತಿಗೆ ಅದೇ ದೊಡ್ಡ ಹೆಮ್ಮೆ.

ಕಿವಿ ಕೇಳದ ಮಕ್ಕಳನ್ನು ಇಷ್ಟು ಬೇಗ ಹುಡುಕುವ ಆತುರಕ್ಕೆ ಕಾರಣವಿತ್ತು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಕೂದಲಿನಂಥ ಕೋಶಗಳನ್ನು ಮತ್ತೆ ಬೆಳೆಸುವ ಹನಿ ಔಷಧಿ ಬಂದಿತ್ತು. ಆದರೆ ಅದು ಹಿಡಿಯುವುದು ಮಗುವಿಗೆ ನಾಲ್ಕು ತುಂಬುವುದರೊಳಗೆ ಮಾತ್ರ. ಸದ್ದಿಗೆಂದು ಮೀಸಲಾದ ಮಿದುಳಿನ ಭಾಗ ಅಲ್ಲಿಯವರೆಗೆ ಕಾದು, ಆಮೇಲೆ ನೋಟದ ಕೆಲಸಕ್ಕೆ ಸೇರಿಕೊಂಡುಬಿಡುತ್ತದೆ. ಕಿವಿ ಸರಿಹೋದರೂ ಅದು ತಂದ ಸದ್ದನ್ನು ಇಳಿಸಿಕೊಳ್ಳಲು ಒಳಗೆ ಜಾಗವಿರುವುದಿಲ್ಲ.

ಶಿಡ್ಲಘಟ್ಟದ ಈ ಅಂಗನವಾಡಿಯಿಂದ ಮೂರು ವರ್ಷದಲ್ಲಿ ಒಂದು ಹೆಸರೂ ಹೋಗಿರಲಿಲ್ಲ. ಅದೇನೂ ಅಸಾಧ್ಯವಲ್ಲ. ಧೃತಿಗೆ ಮುಳ್ಳಿನಂತೆ ಚುಚ್ಚಿದ್ದು ಬೇರೆಯದು. ಇಲ್ಲಿನ ಮಕ್ಕಳೆಲ್ಲ ಬೇರೆ ಕಡೆಯವರಿಗಿಂತ ಅರ್ಧ ಸೆಕೆಂಡು ತಡವಾಗಿ, ಅದೂ ಎಲ್ಲರೂ ಒಂದೇ ಸಮನೆ ತಡವಾಗಿ ಉತ್ತರಿಸುತ್ತಿದ್ದರು. ಸದ್ದಿಗೂ ಮಕ್ಕಳಿಗೂ ನಡುವೆ ಏನೋ ನಿಂತಿತ್ತು. ಟೀಚರ್ ಉತ್ತರ ಹೇಳಿಕೊಡುತ್ತಿರಬೇಕು ಎಂದುಕೊಂಡೇ ಆಕೆ ಬಂದಿದ್ದಳು.

ನಾಗವೇಣಿಗೂ ಆ ಅನುಮಾನದ ವಾಸನೆ ಬಡಿದಿತ್ತು. ತರಬೇತಿಯಲ್ಲಿ ಬಾಯಿ ಬಿಡಬೇಡಿ ಎಂದಿದ್ದರು, ಆಕೆ ಎಂದೂ ಬಿಟ್ಟಿರಲಿಲ್ಲ. ಪ್ರಾಣಿಯ ಹೆಸರನ್ನು ತುಟಿಯಲ್ಲೂ ಆಡಿಸಿರಲಿಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳ ಮೂಗು ಒರೆಸಿ, ಮಣ್ಣಿನ ಆನೆ ಮಾಡಿಸಿ, ಪೇಪರ್ ತಟ್ಟೆಯಲ್ಲಿ ಹುಲಿಯ ಮುಖವಾಡ ಕತ್ತರಿಸಿ ಕಳೆದವಳು. ಈಗ ಮೋಸಗಾತಿ ಅನ್ನಿಸಿಕೊಳ್ಳಬೇಕೇ?

ಮುಂದಿನ ಪುಟದಿಂದ ಕಾಗೆ ಕೂಗಿತು. ಧೃತಿ ಪುಸ್ತಕ ಬಿಟ್ಟು ಟೀಚರನ್ನು ನೋಡಿದಳು. ಕಾಗೆಯ ದನಿ ಮುಗಿಯುವ ಮೊದಲೇ ನಾಗವೇಣಿಯ ಎರಡೂ ಕೈ ರೆಕ್ಕೆಯಾಗಿ ಮೇಲೆದ್ದವು. ಮಕ್ಕಳೆಲ್ಲ ಆ ಕೈಗಳನ್ನು ನೋಡಿ, ಆಮೇಲೆ "ಕಾ ಕಾ" ಎಂದರು. ಮೇಕೆಗೆ ಗಲ್ಲದ ಕೆಳಗೆ ಗಡ್ಡ ಬಂತು. ಹಸುವಿಗೆ ಹಣೆಯ ಮೇಲೆ ಎರಡು ಬೆರಳು. ಆಕೆಗೇ ಗೊತ್ತಿಲ್ಲದೆ, ಉಸಿರಾಡಿದಷ್ಟು ಸಲೀಸಾಗಿ.

ಇದು ಆ ಊರಿನ ಅಭ್ಯಾಸ. ನಾಗವೇಣಿಯ ಅಪ್ಪ ಅಮ್ಮ ಇಬ್ಬರೂ ರೇಷ್ಮೆಗೂಡಿನಿಂದ ನೂಲು ತೆಗೆಯುವ ಯಂತ್ರಗಳ ನಡುವೆ ಬದುಕಿದವರು. ಆ ಗದ್ದಲದಲ್ಲಿ ಬಾಯಿಮಾತು ಕೇಳಿಸುವುದಿಲ್ಲ. ನೀರು ಬೇಕು, ಎಳೆ ಕಡಿಯಿತು, ಊಟಕ್ಕೆ ಬಾ, ಎಲ್ಲವೂ ಕೈಯಲ್ಲೇ. ಆ ಬೀದಿಯ ಮಕ್ಕಳು ಮಾತಿಗಿಂತ ಮೊದಲು ಕೈ ನೋಡಲು ಕಲಿಯುತ್ತಾರೆ.

ಧೃತಿ ಎದ್ದು ಬಂದು, ಐದು ನಿಮಿಷ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳಲು ಮೆಲ್ಲಗೆ ಕೇಳಿದಳು. ನಾಗವೇಣಿ ಇಟ್ಟುಕೊಂಡಳು. ನಾಯಿ ಬೊಗಳಿದ ಕೂಡಲೇ ಕೈ ಮತ್ತೆ ಮುಂದೆ ಬಂತು. ಕೊನೆಗೆ ನಾಚಿಕೆಯಿಂದ ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತಳು.

ಮಕ್ಕಳು ಗಲಿಬಿಲಿಗೊಂಡರು. ಬೆಕ್ಕು ಕೂಗಿತು, ಯಾರೂ ಉತ್ತರಿಸಲಿಲ್ಲ. ಮತ್ತೆ ಕೂಗಿತು, ನಾಲ್ಕೈದು ಮಕ್ಕಳು "ಮಿಯಾಂವ್" ಎಂದರು. ಮೂರನೆಯ ಸಲಕ್ಕೆ ಎಲ್ಲರೂ ಹಳೆಯ ಉತ್ಸಾಹಕ್ಕೆ ಬಂದರು. ಒಬ್ಬಳನ್ನು ಬಿಟ್ಟು. ಮುಂದಿನ ಸಾಲಿನಲ್ಲಿ ಕೂತಿದ್ದ ಹಾಜಿರಾ ಟೀಚರ ತೊಡೆಯ ಕಡೆ, ಕೈಗಳು ಅಡಗಿದ್ದ ಜಾಗವನ್ನು ನೋಡುತ್ತಿದ್ದಳು. ಆಮೇಲೆ ಪಕ್ಕದ ಹುಡುಗಿಯ ಬಾಯಿ ನೋಡಿ ತಾನೂ ಬಾಯಿ ತೆರೆದಳು. ಧೃತಿಯ ಕೈಯಲ್ಲಿದ್ದ ತೆಳು ಪರದೆಯ ಮೇಲೆ ಆ ಒಂದು ಹೆಸರು ಕೆಂಪಾಯಿತು.

ತರಗತಿಯಲ್ಲಿ ಎಲ್ಲರಿಗಿಂತ ಚುರುಕು ಎಂದು ನಾಗವೇಣಿ ಮೆಚ್ಚಿಕೊಂಡಿದ್ದ ಮಗು ಅದು. ಹನ್ನೆರಡು ಪ್ರಾಣಿಯ ನಡಿಗೆಯನ್ನೂ ಎಲ್ಲರಿಗಿಂತ ಮೊದಲು ಮಾಡಿ ತೋರಿಸುತ್ತಿದ್ದವಳು. ನಾಗವೇಣಿಗೆ ಎದೆ ಒಡೆದಂತಾಯಿತು. ಬೇರೆಯವರು ಮೋಸ ಎಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಮಧ್ಯಾಹ್ನ ಮಗುವನ್ನು ಕರೆದೊಯ್ಯಲು ತಾಯಿ ಮುಬೀನಾ ಬಂದಳು. ನೂಲಿನ ಕೆಲಸದವಳು, ಬಿಸಿನೀರಿಗೆ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಮಗಳಿಗೆ ಕಿವಿ ಕೇಳದು ಎಂದರೆ ಆಕೆ ನಂಬಲಿಲ್ಲ. ಒಂದೂವರೆ ವರ್ಷದವಳಿದ್ದಾಗ ಜೋರು ಜ್ವರ ಬಂದಿತ್ತು, ನಿಜ. ಅದು ಬಿಟ್ಟ ಮೇಲೆ ಚೆನ್ನಾಗಿಯೇ ಇದ್ದಾಳೆ, ಮಾತು ಮಾತ್ರ ಸ್ವಲ್ಪ ನಿಧಾನ ಎಂದಳು.

"ನಮ್ ಹುಡ್ಗಿ ಕರೆದ್ರೆ ಓಡ್ಬರ್ತಾಳೆ ಮೇಡಂ. ನೋಡಿ ಬೇಕಾದ್ರೆ" ಎಂದು ಹಲಗೆ ಹಾಸಿದ ಜಗಲಿಯ ಆ ತುದಿಯಲ್ಲಿ ಬೆನ್ನು ತಿರುಗಿಸಿ ಆಡುತ್ತಿದ್ದ ಮಗಳ ಕಡೆ ನೋಡಿ ಈ ತುದಿಯಲ್ಲಿ ಕಾಲು ಬಡಿದಳು. ಹಲಗೆ ಆ ತುದಿಯವರೆಗೂ ಅದುರಿತು. ಹಾಜಿರಾ ತಿರುಗಿ ನೋಡಿದಳು, ತಾಯಿಯ ಕೈಸನ್ನೆಗೆ ಓಡಿ ಬಂದಳು.

ಒಂದು ಗಳಿಗೆಯ ಮೇಲೆ ಮುಬೀನಾಗೇ ತಾನು ಕರೆದದ್ದು ಬಾಯಿಂದಲ್ಲ, ಕಾಲಿನಿಂದ ಎಂಬುದು ಅರ್ಥವಾಯಿತು. ಮೆಟ್ಟಿಲ ಮೇಲೆ ಕುಸಿದು ಕೂತು, ಮಗಳನ್ನು ಅವುಚಿಕೊಂಡು ಅತ್ತಳು.

ಹಾಜಿರಾಗೆ ನಾಲ್ಕು ತುಂಬಲು ಇಪ್ಪತ್ತಾರು ದಿನ ಉಳಿದಿದ್ದವು. ಹನಿಯನ್ನು ಮೂರು ಸಲ, ಹತ್ತು ಹತ್ತು ದಿನದ ಅಂತರದಲ್ಲಿ ಹಾಕಬೇಕು. ಮಾರನೆಯ ದಿನವೇ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮೊದಲ ಹನಿ ಬಿತ್ತು. ಎರಡನೆಯದರ ಹೊತ್ತಿಗೆ ಮಗುವಿಗೆ ನೆಗಡಿ, ಜ್ವರ. ವೈದ್ಯರು ಮೂರು ದಿನ ಮುಂದೂಡಿದರು. ಆ ಮೂರು ದಿನ ನಾಗವೇಣಿಗೆ ಅನ್ನ ಸೇರಲಿಲ್ಲ. ದಿನಕ್ಕೆರಡು ಬಾರಿ ಮುಬೀನಾಳ ಮನೆಗೆ ಹೋಗಿ ಹಣೆ ಮುಟ್ಟಿ ನೋಡಿ ಬರುತ್ತಿದ್ದಳು. ಮೂರನೆಯ ಹನಿ ಬಿದ್ದಾಗ ನಾಲ್ಕು ತುಂಬಲು ಎರಡೇ ದಿನ ಬಾಕಿ. ಅದಾಗಿ ಒಂದು ವಾರಕ್ಕೆ, ಅಡುಗೆಮನೆಯಲ್ಲಿ ಮುಬೀನಾಳ ಕೈಯಿಂದ ಸ್ಟೀಲ್ ಲೋಟ ಜಾರಿ ಬಿತ್ತು. ನಡುಮನೆಯಲ್ಲಿ ಮಂಚದ ಮೇಲೆ ಕೂತಿದ್ದ ಹಾಜಿರಾ ಹೆದರಿ ಚೀರಿದಳು. ಆ ಚೀರಾಟ ಕೇಳಿ ಮನೆಯವರೆಲ್ಲ ನಕ್ಕು ಅತ್ತರು.

ಆದರೆ ಧೃತಿ ನಿರಾಳವಾಗಲಿಲ್ಲ. ಅಷ್ಟರಲ್ಲಿ ಆಕೆ ಹಳೆಯ ದಾಖಲೆಗಳನ್ನೆಲ್ಲ ತೆಗೆದು ನೋಡಿದ್ದಳು. ಹೆಚ್ಚು ಹೆಸರುಗಳು ಬಂದಿದ್ದುದು ಪುಸ್ತಕ ಬಿಚ್ಚಿಟ್ಟು ಟೀಚರ್ ಆಚೆ ಎದ್ದುಹೋಗುತ್ತಿದ್ದ ಅಂಗನವಾಡಿಗಳಿಂದ. ಕುಣಿದು, ಹಾಡಿ, ಹಾವಭಾವ ಮಾಡಿ ಜೀವ ತೇಯುವ ಟೀಚರುಗಳ ಕಡೆಯಿಂದ ಎಲ್ಲರೂ ಚೆನ್ನಾಗಿದ್ದಾರೆ ಎಂಬ ಸುದ್ದಿಯೇ ಬಂದಿತ್ತು. ಮೊದಲಿನವರಿಗೆ ಇಲಾಖೆ ನೋಟಿಸ್ ಕೊಟ್ಟಿತ್ತು, ಎರಡನೆಯವರಿಗೆ ಪ್ರಶಸ್ತಿ. ತನ್ನ ಪುಸ್ತಕಕ್ಕೆ ಒಳ್ಳೆಯ ಟೀಚರೇ ಅಡ್ಡಿ ಎಂಬುದು ಆಕೆಗೆ ನುಂಗಲಾರದ ತುತ್ತಾಯಿತು. ಇನ್ನು ಮುಂದೆ ಟೀಚರುಗಳು ದಿನಕ್ಕೆ ಐದು ನಿಮಿಷ ಕೈಕಟ್ಟಿ ಕೂರಬೇಕೆಂದು ಸುತ್ತೋಲೆ ಹೊರಡಿಸುವುದಿತ್ತು. ಅದನ್ನು ಅವರಿಗೆ ನೋವಾಗದಂತೆ ಬರೆಯುವುದು ಹೇಗೆಂದು ಕೇಳಲು ನಾಗವೇಣಿಗೆ ಫೋನ್ ಮಾಡಿದಳು.

ನಾಗವೇಣಿ ಎಲ್ಲ ಕೇಳಿಸಿಕೊಂಡಳು. ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಆಗ ಹೊರಬಂತು.

"ಸುತ್ತೋಲೆ ಬರೀರಿ ಮೇಡಂ. ಆದ್ರೆ ಹೋದ ವರ್ಷದವರೆಗೂ ನನ್ ಕೈ ನೋಡ್ಕೊಂಡಿದ್ದು ಈಗ ಒಂದನೇ ಕ್ಲಾಸಲ್ಲಿರೋ ಮಕ್ಳ ಗತಿ?"

ಅಂಥ ಮಕ್ಕಳ ಪಟ್ಟಿ ಮಾಡಿಸುತ್ತಿದ್ದೇನೆ ಎಂದಳು ಧೃತಿ.

ಪಟ್ಟಿ ಬರುವವರೆಗೆ ಕಾಯಲು ನಾಗವೇಣಿಗೆ ಆಗಲಿಲ್ಲ. ಮಧ್ಯಾಹ್ನ ಅಂಗನವಾಡಿಗೆ ಬೀಗ ಹಾಕಿ ಪಕ್ಕದ ಶಾಲೆಗೆ ಹೋದಳು. ಒಂದನೇ ತರಗತಿಗೆ ಹಿಂದುಗಡೆ ಒಂದು ಬಾಗಿಲಿತ್ತು. ಮಕ್ಕಳ ಬೆನ್ನಷ್ಟೇ ಕಾಣುತ್ತಿತ್ತು. ಅಲ್ಲಿ ನಿಂತು ತನ್ನ ಹಳೆಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮೆಲ್ಲಗೆ ಕರೆದಳು. ಕರೆದವರು ತಿರುಗಿದರು, ನಕ್ಕರು. ಪ್ರತಿ ಸಲವೂ ಆಕೆಗೆ ಒಂದು ಉಸಿರು ಹಿಂದಿರುಗಿತು.

"ಲಿಖಿತ್" ಎಂದಳು.

ಮೂರು ತಲೆ ತಿರುಗಿದವು, ಅವನದಲ್ಲ. ಇನ್ನೊಮ್ಮೆ ಕರೆದಳು. ಆ ಹುಡುಗ ಸ್ವಲ್ಪ ಮಂದ, ಅದಕ್ಕೇ ಕೊನೆಯ ಸಾಲಿಗೆ ಹಾಕಿದ್ದೇನೆ ಎಂದು ಮೇಷ್ಟ್ರು ಬೇಸರದಿಂದ ಹೇಳಿದರು. ಪಕ್ಕದವನು ತಿವಿದಾಗ ಲಿಖಿತ್ ತಿರುಗಿದ. ಅವನಿಗೆ ಐದೂವರೆ ತುಂಬಿತ್ತು. ತನ್ನ ಟೀಚರನ್ನು ಕಂಡು ಮುಖ ಅರಳಿತು. ಎರಡು ಬೆರಳುಗಳನ್ನು ಹಣೆಗೆ ಹಚ್ಚಿ ಹಸುವಾಗಿ, ಮುಂದಿನ ಪ್ರಾಣಿ ಯಾವುದೆಂದು ಆಕೆಯ ಕೈ ನೋಡುತ್ತ ಕಾದ.

ಇದೆಲ್ಲ ೨೦೫೭ರ ಮಾತು, ಈ ಪುಸ್ತಕ ಬರಲು ಇನ್ನೂ ಎಷ್ಟೋ ವರ್ಷ ಬೇಕು. ಬಂದರೂ ಬಂದೀತು, ಬಾರದೆಯೂ ಇದ್ದೀತು. ನಾಳೆ ಬೆಳಿಗ್ಗೆ ನಮ್ಮ ನಿಮ್ಮ ಬೀದಿಯ ಅಂಗನವಾಡಿಯಲ್ಲಿ ಮಕ್ಕಳು ಮಾಮೂಲಿನ ಚಿತ್ರಪುಸ್ತಕ ನೋಡಿ ಒಟ್ಟಿಗೆ "ಅಂಬಾ" ಎನ್ನುತ್ತಾರೆ, ಕೇಳಿ ನಾವು ಖುಷಿಪಡುತ್ತೇವೆ. ಅವರಲ್ಲಿ ಒಂದೊಂದು ಮಗುವಿನ ಬೆನ್ನ ಹಿಂದೆಯೂ ನಿಂತು, ಕಾಲು ಬಡಿಯದೆ, ಕೈ ಎತ್ತದೆ, ಒಮ್ಮೆ ಹೆಸರು ಹಿಡಿದು ಕರೆಯುವುದಕ್ಕೆ ಯಾವ ವಿಜ್ಞಾನಿಯೂ ಹುಟ್ಟಿಬರಬೇಕಾಗಿಲ್ಲ.