ಜೇಬಿಗೆ ಹಿಡಿಸುವ ಲೆನ್ಸು

ಪ್ರತಿ ಬೇಸಿಗೆ ಸೈಕಾಲ್ ರಾಜಧಾನಿ ಬಿಷ್ಕೆಕ್‌ನಿಂದ ಬಂದು ಬೆಟ್ಟದೂರು ಕರಾಕೋಲ್‌ನಲ್ಲಿ ಬಸ್ಸಿಳಿದ ಕೂಡಲೇ ಕುಬಾತ್‌ನ ಕಣ್ಣು ಹೋಗುತ್ತಿದ್ದುದು ಅವಳ ಕಿವಿಗೆ. ಹುಡುಗನ ತಾಯಿ ಬಂದು ಹುಡುಗಿಗೆ ಓಲೆ ಹಾಕಿದಳೆಂದರೆ ಮದುವೆ ಗಟ್ಟಿಯಾದಂತೆ. ಮೂರು ಬೇಸಿಗೆಯೂ ಆ ಕಿವಿ ಬೋಳಾಗಿಯೇ ಇತ್ತು. ಮೂರು ಬೇಸಿಗೆಯೂ ಕುಬಾತ್ ಒಳಗೊಳಗೇ ಕುಣಿದು, ಹೊರಗೆ ಗಂಭೀರವಾಗಿ ಅವಳ ಚೀಲ ಎತ್ತಿಕೊಂಡಿದ್ದ.

ಈ ಸಲ ಅವಳು ತಲೆಗೆ ಬಿಗಿಯಾಗಿ ಸ್ಕಾರ್ಫ್ ಸುತ್ತಿಕೊಂಡಿದ್ದಳು. ಕಿವಿಯ ಸುಳಿವೇ ಇಲ್ಲ. ಸಾಲದ್ದಕ್ಕೆ ಜೊತೆಗೊಬ್ಬ ಗಂಡಸು.

"ಇವರು ಸಂಜಾರ್ ಅಣ್ಣ, ಅಲ್ಮಾಟಿಯವರು. ಫೋಟೋ ತೆಗೀತಾರೆ, ಹಳೇ ಲೆನ್ಸ್ ಮಾರ್ತಾರೆ," ಎಂದಳು.

'ಅಣ್ಣ' ಎಂಬ ಮಾತು ಕುಬಾತ್‌ಗೆ ಕೇಳಿಸಲೇ ಇಲ್ಲ. ಅವನಿಗೆ ಕಂಡದ್ದು ಆ ಮನುಷ್ಯನ ಹೊಸ ಜಾಕೆಟ್ಟು, ಮಣ್ಣೇ ಕಾಣದ ಬೂಟು, ಮತ್ತು ಸೈಕಾಲ್ ಅವನ ಮಾತಿಗೆ ತಲೆಯಾಡಿಸುವ ಪರಿ.

ಸೈಕಾಲ್ ಬೆಟ್ಟ, ಸರೋವರಗಳ ಫೋಟೋ ತೆಗೆದು ಕ್ಯಾಲೆಂಡರ್ ಮಾಡುವವರಿಗೆ ಕೊಡುವವಳು. ಕುಬಾತ್ ಅವಳನ್ನು ಕಣಿವೆಗಳಿಗೆ ಕರೆದೊಯ್ಯುವ ಕುದುರೆಯವನು. ಒಂದು ಕುದುರೆಯ ಮೇಲೆ ಅವಳು. ಇನ್ನೊಂದರ ಮೇಲೆ ರುಬ್ಬುಗುಂಡಿನಷ್ಟು ಭಾರದ ಅವಳ ಜೂಮ್ ಲೆನ್ಸಿನ ಚೀಲ. ಕುದುರೆ ಓಡಿದರೆ ಗಾಜು ಕುಲುಕುತ್ತದೆಂದು ಕುಬಾತ್ ಅದರ ಲಗಾಮು ಹಿಡಿದು ಮುಂದೆ ನಡೆಯುತ್ತಿದ್ದ. ನಡೆಯುವುದಕ್ಕೆ ಮೊದಲು ಸವಾರಿ ಕಲಿತ ಗಂಡು ಹೀಗೆ ಕಾಲೆಳೆದುಕೊಂಡು ಹೋಗುವುದನ್ನು ಕಂಡು ಓರಗೆಯವರು ನಕ್ಕಿದ್ದೇ ನಕ್ಕಿದ್ದು. ನಗಲಿ ಬಿಡಿ. ಆ ಭಾರ ಇರುವವರೆಗೆ ಸೈಕಾಲ್‌ಗೆ ತಾನು ಬೇಕು ಎಂಬುದು ಅವನ ಧೈರ್ಯ.

ಆ ಜೂಮು ಈ ವರ್ಷ ಕೆಟ್ಟು ಕೂತಿತ್ತು. ಕುಬಾತ್‌ನ ಮನೆಯಂಗಳದಲ್ಲಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಬೂರ್ಸೊಕ್ ತುಂಬಿದ ತಟ್ಟೆಯ ಪಕ್ಕ, ಸಂಜಾರ್ ಎರಡು ಲೆನ್ಸ್ ಇಟ್ಟ. ಒಂದು ಹಳೆಯದರ ಅಣ್ಣನಂತಿತ್ತು. ಇನ್ನೊಂದು ಅಲ್ಲಿದ್ದ ಬೂರ್ಸೊಕ್‌ಗಿಂತ ತುಸು ದೊಡ್ಡದು, ಅಷ್ಟೆ.

"ನೀನೇ ಹೇಳು ಕುಬಾತ್, ಯಾವ್ದು ತಗೊಳ್ಲಿ?"

"ದೊಡ್ಡದು."

"ಕೈಯಲ್ಲಿ ಹಿಡಿದಾದ್ರೂ ನೋಡೋ!"

"ನೋಡೋದೇನಿದೆ? ಮೇಲೆ ಗಾಳಿ ಹೇಗಿರತ್ತೆ ಗೊತ್ತಲ್ಲ. ಈ ಚಿಳ್ಳೆ ಹಾರಿಹೋಗತ್ತೆ."

ಸಂಜಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾರೋಕೆ ಅದೇನು ಟೋಪಿನಾ ಮಾರಾಯ? ದೂರದ ಹದ್ದಿನ ಕಣ್ಣು ಬೇಕಂದ್ರೆ ದೊಡ್ಡದು ಸರಿ. ಬೆಟ್ಟ, ಕಣಿವೆ, ಆಕಾಶ ಎಲ್ಲಾ ಒಟ್ಟಿಗೆ ಬೇಕಂದ್ರೆ ಈ ಚಿಕ್ಕದೇ ಸಾಕು. ಮುಂಜಾವಿನ ಮಬ್ಬಲ್ಲೂ ಚೆನ್ನಾಗಿ ಬರತ್ತೆ. ಜೇಬಿಗೆ ಹಾಕ್ಕೊಂಡು ಹೊರಟ್ರಾಯ್ತು. ಎರಡನೇ ಕುದುರೆ ಯಾಕೆ, ಅದನ್ನ ಹಿಡಿಯೋ ಆಳ್ ಯಾಕೆ?"

ಆಳು! ಕುಬಾತ್‌ನ ಕಿವಿ ಕೆಂಪಗಾಯಿತು.

"ದೊಡ್ಡದಾದ್ರೆ ದೂರ ಇರೋದನ್ನ ಹತ್ರ ತರತ್ತೆ," ಎಂದ ಹಟದಿಂದ.

"ಹತ್ರ ತರೋಕೆ ಬೇರೆ ದಾರಿನೂ ಇದೆ," ಎಂದಳು ಸೈಕಾಲ್. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆ ಮಹಾಶಯ ಸಂಜಾರ್‌ನ ಬೂಟು ನೋಡುತ್ತಿದ್ದ.

ಅವಳು ಚಿಕ್ಕದನ್ನೇ ಕೊಂಡಳು. ಕ್ಯಾಮೆರಾಗೆ ಸಿಕ್ಕಿಸಿ, ಅವನ ಮುಂದೆ ಅಂಗೈ ಚಾಚಿದಳು. "ಹೊಸಾದು ನೋಡ್ದೆ ತಾನೇ? ಎಲ್ಲಿ ನನ್ನ ಕೊರುಮ್ದುಕ್?"

ಮಗುವಾಗಲಿ, ಮದುಮಗಳಾಗಲಿ, ಹೊಸ ಕುದುರೆಯಾಗಲಿ, ಮೊದಲ ಸಲ ಕಂಡವರು ಕಾಣಿಕೆ ಕೊಡಬೇಕು. ಅದೇ ಕೊರುಮ್ದುಕ್. ತಮಾಷೆಗೆ ಒಂದು ಬೂರ್ಸೊಕ್ ಇಟ್ಟಿದ್ದರೂ ನಡೆಯುತ್ತಿತ್ತು.

"ನೋಡೋ ಅಂಥದ್ದು ಬಂದಾಗ ಕೊಡ್ತೀನಿ," ಎಂದ ಕುಬಾತ್.

ಚಾಚಿದ ಕೈ ಹಾಗೇ ನಿಂತಿತ್ತು. ಆಮೇಲೆ ಮೆಲ್ಲಗೆ ಮಡಿಲಿಗೆ ಹೋಯಿತು. ಚಹಾ ಬಗ್ಗಿಸುತ್ತಿದ್ದ ಅವನ ತಾಯಿ ಬುರುಲ್ ಕೆಟಲನ್ನು ಕುಕ್ಕಿದಳು.

"ಯಾರ ಮನೇಲಿ ಬೆಳೆದ್ಯೋ ನೀನು? ಕೈ ಚಾಚಿದ ಹುಡುಗಿ ಮುಂದೆ ಹಿಂಗಾ ಮಾತಾಡೋದು?"

ಕುಬಾತ್ ಎದ್ದು ಕುದುರೆ ಲಾಯಕ್ಕೆ ಹೋದ. ಅಲ್ಲಿ ಕುದುರೆಯ ಮುಂದೆ ಸಂಜಾರ್‌ನನ್ನು ಬಾಯಿಗೆ ಬಂದಂತೆ ಬೈದ. ಬೈದಷ್ಟೂ ಆ ಖಾಲಿ ಅಂಗೈಯೇ ಕಣ್ಣೆದುರು ಬಂತು.

ಬೆಳಗ್ಗೆ ಅಭ್ಯಾಸಬಲದಿಂದ ಎರಡು ಕುದುರೆಗೂ ಜೀನು ಬಿಗಿದಿದ್ದ. ಸೈಕಾಲ್ ಒಬ್ಬಳೇ ಬಂದಳು, ಸ್ಕಾರ್ಫ್ ಹಾಗೇ ಇತ್ತು.

"ಎಲ್ಲಿ ನಿನ್ನ ಸಂಜಾರ್?"

"ಊರಿಗೆ ಹೊರಟ್ರು. ಹೆಂಡ್ತಿ ಫೋನ್ ಮೇಲೆ ಫೋನ್ ಮಾಡ್ತಿದ್ರು."

ಕುಬಾತ್ ಬಿಗಿದಿದ್ದ ಜೀನನ್ನೇ ಇನ್ನೊಮ್ಮೆ ಬಿಗಿದ. "ಚೀಲ?"

ಅವಳು ಜೇಬು ತಟ್ಟಿದಳು.

"ಹಾಗಾದ್ರೆ ಒಂದೇ ಕುದುರೆ ಸಾಕು. ದಾರಿ ನಿಂಗೆ ಗೊತ್ತಿದೆ. ಆಳು ಬೇಡ."

"ಬಾಯಿ ಮುಚ್ಕೊಂಡು ಹತ್ತು."

"ಯಾವುದನ್ನ?"

"ಆ ಎರಡನೇದನ್ನ! ಮೂರು ವರ್ಷದಿಂದ ನಿನ್ನ ಬೆನ್ನೇ ನೋಡ್ಕೊಂಡು ಬಂದಿದೀನಿ. ಬೆನ್ನಿನ ಫೋಟೋ ರಾಶಿ ಬಿದ್ದಿದೆ, ಮುಖದ್ದು ಒಂದಿಲ್ಲ. ಚೀಲ ಹೋದ್ರೆ ಆ ಕುದುರೆ ಖಾಲಿ ಆಗತ್ತೆ, ನೀನು ನನ್ನ ಪಕ್ಕ ಬರ್ತೀಯ ಅಂತ ಊರೆಲ್ಲ ಅಲೆದು ಹಗುರದ್ದು ಹುಡುಕ್ದೆ. ನೀನು ನೋಡಿದ್ರೆ ಹೊಟ್ಟೆ ಉರ್ಕೊಂಡು ಕೂತೆ."

"ಉರ್ಕೊಂಡೆ," ಎಂದ ಕುಬಾತ್. "ಅವನ ಮೇಲೆ ಉರ್ಕೊಂಡೆ, ಅವನ ಬೂಟಿನ ಮೇಲೆ ಉರ್ಕೊಂಡೆ. ಆ ಲೆನ್ಸ್ ಮೇಲೂ ಉರ್ಕೊಂಡೆ, ಸೈಕಾಲ್. ಅದು ಬಂದ್ರೆ ನಾನು ಬೇಡವಾಗ್ತೀನಿ ಅನ್ಸ್ತು."

ಅವಳು ನಗಲಿಲ್ಲ. ತನ್ನ ಕುದುರೆ ಹತ್ತಿ ಕಾದಳು.

ಮೊದಲ ಸಲ ಇಬ್ಬರೂ ಜೊತೆಜೊತೆಯಾಗಿ ಕಣಿವೆ ಏರಿದರು. ಸ್ಪ್ರೂಸ್ ಮರಗಳು ಮುಗಿದು ಹುಲ್ಲುಗಾವಲು ತೆರೆದುಕೊಂಡಾಗ ಅವಳು ಕ್ಯಾಮೆರಾ ಎತ್ತಿದಳು. "ಇದ್ರಲ್ಲಿ ಜೂಮ್ ಇಲ್ಲ. ನೀನೇ ಹತ್ರ ಬರ್ಬೇಕು."

ಬಂದ. ಮೊಣಕಾಲಿಗೆ ಮೊಣಕಾಲು ತಾಗಿತು. ಅವಳು ಒಂದು ಕೈಯಿಂದ ಸ್ಕಾರ್ಫ್ ಬಿಚ್ಚಿ ಕೊರಳಿಗೆ ಇಳಿಸಿದಳು. ಕಿವಿ ಬೋಳಾಗಿತ್ತು.

"ಬೇಕಂತ್ಲೇ ಕಟ್ಟಿದ್ದೆ," ಎಂದಳು. "ಪ್ರತಿ ಸಲ ಕಿವಿ ನೋಡಿ ಸಮಾಧಾನ ಮಾಡ್ಕೋತೀಯ, ಬಾಯಿ ಮಾತ್ರ ಬಿಡಲ್ಲ."

ಕುಬಾತ್ ಆ ಕಿವಿಯನ್ನೇ ನೋಡಿದ.

"ನಿನ್ನ ಕೊರುಮ್ದುಕ್ ಬಾಕಿ ಇದೆ."

"ಕೊಡು ಮತ್ತೆ."

"ನಾನು ಕೊಡೋ ಹಾಗಿಲ್ಲ. ಅಮ್ಮನೇ ತರ್ಬೇಕು. ಅವಳ ಕೈಯಾರೆ ಹಾಕ್ಬೇಕು."

ಸೈಕಾಲ್‌ಳ ಕೈ ತಾನಾಗಿ ಕಿವಿಗೆ ಹೋಯಿತು. ಫೋಟೋ ತೆಗೆಯುವುದು ಮರೆತೇಹೋಯಿತು.

"ಇವತ್ತು ಸಂಜೆನೇ ಬರ್ಲಿ," ಎಂದಳು. "ಓಲೆ ಮಾತ್ರ ಹಗುರವಾಗಿರ್ಲಿ. ಅದನ್ನ ಹೊರೋಕೆ ಇನ್ನೊಂದು ಕುದುರೆ ಇಲ್ಲ."